ಹಬ್ ಗೇರ್ ಸೈಕಲ್ ತಗೊಳ್ಳಲಾ? ಮೈಸೂರಿನ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನಗೆ 46 ವರ್ಷ. ಮನೆ ರಾಮಕೃಷ್ಣನಗರದಲ್ಲಿ, ಕಚೇರಿ ನಜರ್‌ಬಾದ್ ಹತ್ತಿರ. ಹೋಗಿ ಬರಲು ಸುಮಾರು 13 ಕಿ.ಮೀ. ಸ್ಕೂಟರ್ ಬಿಟ್ಟು ಸೈಕಲ್ ಹಿಡಿಯೋಣ ಅಂತಿದ್ದೇನೆ. ಚೂಡಿದಾರ್ ಹಾಕುತ್ತೇನೆ, ಕೆಲವು ದಿನ ಸೀರೆ. ಮಗನ ಗೇರ್ ಸೈಕಲ್ ಓಡಿಸಿ ನೋಡಿದೆ. ದುಪಟ್ಟಾ ಚೈನಿಗೆ ಸಿಕ್ಕಿ ಹರಿಯಿತು. ಸಿಗ್ನಲ್‌ನಲ್ಲಿ ನಿಂತ ಮೇಲೆ ಗೇರ್ ಬದಲಾಯಿಸಲು ಆಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿರುವ ತಂಗಿ, "ಗೇರೆಲ್ಲ ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಇರುವ ಸೈಕಲ್ ತಗೋ ಅಕ್ಕ, ಏನೂ ತಾಪತ್ರಯ ಇರಲ್ಲ" ಅನ್ನುತ್ತಾಳೆ. ಇಲ್ಲಿನ ಅಂಗಡಿಯವರು, "ಮಳೆ, ಧೂಳಿಗೆ ಅದು ತಡೆಯಲ್ಲ, ಪಂಕ್ಚರ್ ಹಾಕೋಕೂ ಆಗಲ್ಲ, ಕೆಟ್ಟರೆ ಎಸೆಯಬೇಕು" ಅನ್ನುತ್ತಾರೆ. ಬೆಂಗಳೂರಿನ ಪರಿಚಯದವರೊಬ್ಬರು ಹೊರದೇಶದಿಂದ ತಂದ 8 ಗೇರಿನ ಹಬ್ ಸೈಕಲನ್ನು 22,000 ರೂಪಾಯಿಗೆ ಕೊಡುತ್ತಾರಂತೆ. ನನ್ನ ಬಜೆಟ್ 25,000. ವರ್ಷಕ್ಕೆ ಒಂದೆರಡು ಸಲ ಚಾಮುಂಡಿ ಬೆಟ್ಟ ಹತ್ತುವ ಆಸೆಯೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ದುಪಟ್ಟಾ ಹರಿದ ಕತೆಯನ್ನು ನಾನು ತಿಂಗಳಿಗೆ ಒಂದು ಸಲವಾದರೂ ಕೇಳುತ್ತೇನೆ. 26 ವರ್ಷದಿಂದ ಮೈಸೂರಿನಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದೇನೆ. 2017ರಲ್ಲಿ ಊರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದ ಮೇಲೆ ದೊಡ್ಡ ಹೆಂಗಸರು ತಮಗೇ ಅಂತ ಸೈಕಲ್ ವಿಚಾರಿಸಿಕೊಂಡು ಬರೋದು ಜಾಸ್ತಿಯಾಯಿತು. ಅಂಗಡಿಯಲ್ಲಿ ನಿಂತಿರುವ, ರೇಸ್ ಸೈಕಲ್ ಮತ್ತು ಗುಡ್ಡಗಾಡಿನ ಸೈಕಲ್ ಎರಡರ ಗುಣ ಬೆರೆತ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಪ್ಯಾಂಟು ತೊಟ್ಟವರಿಗೆ ಮಾಡಿದವು. ಚೈನು ಬಯಲಿಗೇ ಇರುತ್ತದೆ. ಹಾಗಾಗಿ ನಿಮಗೆ ಓಡಿಸೋಕೆ ಬರಲಿಲ್ಲ ಅಂದುಕೊಳ್ಳಬೇಡಿ, ಆ ಸೈಕಲ್ ನಿಮ್ಮ ಬಟ್ಟೆಗೆ ಮಾಡಿದ್ದಲ್ಲ ಅಷ್ಟೇ.

ನಿಮ್ಮ ಕಾಗದದಲ್ಲಿ ಮೂರು ಚಿಂತೆ ಇವೆ. ಬಟ್ಟೆ ಸಿಕ್ಕಬಾರದು. ನಿಂತಲ್ಲೇ ಗೇರ್ ಬದಲಾಗಬೇಕು. ಕೆಟ್ಟರೆ ಇಲ್ಲಿ ಕೈ ಹಾಕುವವರು ಬೇಕು. ಮೊದಲ ಎರಡಕ್ಕೆ ಹಬ್ ಗೇರೇ ಸರಿಯಾದ ಉತ್ತರ, ನಿಮ್ಮ ತಂಗಿ ಹೇಳಿದ್ದು ನಿಜ. ಮೂರನೆಯದರಲ್ಲಿ ಅಂಗಡಿಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಅವರು ಹೇಳಿದಷ್ಟಿಲ್ಲ.

ಹಬ್ ಗೇರ್ ಹೊಸ ವಿದ್ಯೆಯಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸ್ಟರ್ಮಿ-ಆರ್ಚರ್ ಹೆಸರಿನ ಮೂರು ಗೇರಿನ ಹಬ್ ಶುರುವಾಗಿದ್ದು 1902ರಲ್ಲಿ. ನಮ್ಮ ತಾತಂದಿರ ಕಾಲದ ರ‍್ಯಾಲಿ ಸೈಕಲ್‌ಗಳಲ್ಲಿ ಕೆಲವಕ್ಕೆ ಅದೇ ಹಬ್ ಇತ್ತು. ಕೆಲವು ವರ್ಷದ ಹಿಂದೆ ಅಂಥದ್ದೊಂದು ನನ್ನ ಕೈಗೆ ಬಂತು. ಶ್ರೀರಂಗಪಟ್ಟಣದ ಕಡೆಯ ಹಳ್ಳಿಯೊಂದರ ಮನೆ, ಅಟ್ಟದ ಮೇಲೆ ಬಿದ್ದಿದ್ದ ಸೈಕಲ್. ಹಬ್ ಮೇಲಿನ ಮಣ್ಣು ಒರೆಸಿದರೆ 57 ಅನ್ನುವ ಅಂಕಿ ಕಂಡಿತು. ಅಂದರೆ 1957ರಲ್ಲಿ ತಯಾರಾದದ್ದು. ಪೇಪರ್ ಹಾಸಿ ಬಿಚ್ಚಿದೆ. ಗ್ರೀಸು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಒಂದು ಹಲ್ಲೂ ಮುರಿದಿರಲಿಲ್ಲ. ಎರಡು ಸಣ್ಣ ಸ್ಪ್ರಿಂಗ್ ಬದಲಾಯಿಸಿ, ಎಣ್ಣೆ ಬಿಟ್ಟು ಕೂರಿಸಿದೆ. ಮೂರು ಗೇರೂ ಬಿದ್ದವು.

ಒಳಗೆ ಏನಾಗುತ್ತದೆ ಅನ್ನೋದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಕಣದಲ್ಲಿ ಮೇಟಿ ಸುತ್ತ ಎತ್ತು ತಿರುಗುವುದನ್ನು ನೆನಪಿಸಿಕೊಳ್ಳಿ. ಹಬ್ ಮಧ್ಯದ ಆ್ಯಕ್ಸಲ್ ಮೇಲೆ ಒಂದು ಹಲ್ಲಿನ ಚಕ್ರ ಇರುತ್ತದೆ, ಅದು ಮೇಟಿ. ಅದು ತಿರುಗುವುದಿಲ್ಲ. ಅದರ ಸುತ್ತ ಎತ್ತುಗಳ ಹಾಗೆ ನಾಲ್ಕು ಪುಟ್ಟ ಚಕ್ರಗಳು ಓಡುತ್ತವೆ. ಇವೆಲ್ಲವನ್ನೂ ಬಳಸಿಕೊಂಡು ಹೊರಗೊಂದು ಬಳೆ, ಅದರ ಒಳಮೈಯಲ್ಲಿ ಹಲ್ಲು. ನಾನು ಬಿಚ್ಚಿದ ಹಬ್‌ನಲ್ಲಿ ಮೇಟಿಗೆ 20 ಹಲ್ಲು, ಬಳೆಗೆ 60. ಚೈನು ಎತ್ತುಗಳನ್ನು ಎಳೆದು ಸೈಕಲ್ ಚಕ್ರ ಬಳೆಯಿಂದ ತಿರುಗಿದರೆ, ಚೈನು ಕೂರುವ ಹಲ್ಲಿನ ಬಿಲ್ಲೆ ಮೂರು ಸುತ್ತು ಸುತ್ತುವಷ್ಟರಲ್ಲಿ ಚಕ್ರ ನಾಲ್ಕು ಸುತ್ತುತ್ತದೆ. ಅದು ಓಟದ ಗೇರು. ಉಲ್ಟಾ ಮಾಡಿ, ಚೈನು ಬಳೆಯನ್ನು ಎಳೆದು ಚಕ್ರ ಎತ್ತುಗಳಿಂದ ತಿರುಗಿದರೆ, ಬಿಲ್ಲೆಯ ನಾಲ್ಕು ಸುತ್ತಿಗೆ ಚಕ್ರದ್ದು ಮೂರೇ ಸುತ್ತು. ಅದು ಏರಿನ ಗೇರು. ಎಲ್ಲ ಒಟ್ಟಿಗೆ ತಿರುಗಿದರೆ ನಡುವಿನ ಗೇರು. 7 ಗೇರು, 8 ಗೇರಿನ ಹಬ್‌ನಲ್ಲೂ ಇದೇ ಲೆಕ್ಕ, ಇಂಥ ಜೋಡಣೆ ಒಂದಕ್ಕಿಂತ ಹೆಚ್ಚು ಇರುತ್ತದೆ.

ಇದರಿಂದ ಆಗುವ ಲಾಭ ನೋಡಿ. ಚೈನು ಆಚೀಚೆ ಹಾರುವುದೇ ಇಲ್ಲ, ಒಂದೇ ಗೆರೆಯಲ್ಲಿ ಓಡುತ್ತದೆ. ಹಾಗಾಗಿ ಹಳೇ ಲೇಡೀಸ್ ಸೈಕಲ್‌ಗೆ ಹಾಕುತ್ತಿದ್ದ ಹಾಗೆ ಪೂರ್ತಿ ಚೈನ್ ಕವರ್ ಹಾಕಬಹುದು. ದುಪಟ್ಟಾ, ಸೀರೆ ಅಂಚು ಹತ್ತಿರವೂ ಸುಳಿಯುವುದಿಲ್ಲ. ಮಗನ ಸೈಕಲ್‌ನಲ್ಲಿ ಚೈನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹತ್ತಬೇಕಾದರೆ ಪೆಡಲ್ ತಿರುಗುತ್ತಲೇ ಇರಬೇಕು. ಹಬ್ ಗೇರಿಗೆ ಆ ಹಂಗಿಲ್ಲ, ಸಿಗ್ನಲ್‌ನಲ್ಲಿ ಕಾಲೂರಿ ನಿಂತೇ ಮೊದಲ ಗೇರಿಗೆ ಬರಬಹುದು. ಓಡುತ್ತಿರುವಾಗ ಬದಲಾಯಿಸುವುದಾದರೆ ಅರೆಕ್ಷಣ ಕಾಲಿನ ಒತ್ತಡ ಬಿಡಬೇಕು. ಎರಡು ದಿನದಲ್ಲಿ ಅದು ರೂಢಿಯಾಗುತ್ತದೆ.

ಇನ್ನು ಮಳೆ, ಧೂಳಿನ ಮಾತು. ಇಲ್ಲಿ ಅಂಗಡಿಯವರು ಹೇಳಿದ್ದು ತಲೆಕೆಳಗು. ಆಲೆಮನೆ ಕಾಲದಲ್ಲಿ ಮಂಡ್ಯದ ಕಡೆಯಿಂದ ಬರುವ ಗೇರ್ ಸೈಕಲ್‌ಗಳ ಹಿಂದಿನ ಹಲ್ಲಿನ ಸಂದಿಯಲ್ಲಿ ಕಬ್ಬಿನ ತರಗು, ನಾಲೆ ಏರಿಯ ಮಣ್ಣು ಸೇರಿ ಕೇಕಿನ ಹಾಗೆ ಕೂತಿರುತ್ತದೆ. ಹಬ್ ಗೇರಿನಲ್ಲಿ ಎಲ್ಲ ಒಳಗೆ ಮುಚ್ಚಿಕೊಂಡಿರುತ್ತದೆ. ಮಳೆಗೆ ಏನೂ ಆಗುವುದಿಲ್ಲ. ಕೆಡುವುದು ನಾವು ತೊಳೆಯುವ ರೀತಿಯಿಂದ. ಬೈಕ್ ತೊಳೆಯುವ ಕಡೆ ಪ್ರೆಶರ್ ಗನ್ ಹಿಡಿಸಿದರೆ ನೀರು ಸೀಲ್ ದಾಟಿ ಒಳಗೆ ನುಗ್ಗುತ್ತದೆ, ಗ್ರೀಸು ಮಜ್ಜಿಗೆಯಂತಾಗುತ್ತದೆ, ಆಮೇಲೆ ತುಕ್ಕು. ಬಕೆಟ್, ಬಟ್ಟೆ ಸಾಕು.

ಹಾಗಂತ ತಂಗಿಯವರ "ಏನೂ ತಾಪತ್ರಯ ಇರಲ್ಲ" ಅನ್ನುವುದನ್ನೂ ಪೂರ್ತಿ ಒಪ್ಪಬೇಡಿ. ಸೈಕಲ್ ಭಾಗ ಮಾಡುವ ಜಪಾನಿನ ಶಿಮಾನೊ ಕಂಪನಿಯೇ ತನ್ನ 8 ಗೇರಿನ ನೆಕ್ಸಸ್ ಹಬ್‌ಗೆ ಎರಡು ವರ್ಷಕ್ಕೊಮ್ಮೆ, ಜಾಸ್ತಿ ಓಡಿಸುವವರು 5,000 ಕಿ.ಮೀ.ಗೊಮ್ಮೆ ಒಳಗಿನ ಎಣ್ಣೆ ಕೆಲಸ ಮಾಡಿಸಬೇಕು ಅನ್ನುತ್ತದೆ. ದಿನಕ್ಕೆ 13 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಓಡಿಸಿದರೆ ನಿಮ್ಮದು ಸುಮಾರು 4,000 ಕಿ.ಮೀ. ಆಗುತ್ತದೆ. ಅಂದರೆ ಒಂದೂಕಾಲು ವರ್ಷಕ್ಕೊಮ್ಮೆ ಹಬ್ ಬಿಚ್ಚಿಸಬೇಕು. ಗೇರ್ ಕೇಬಲ್ ಹೊಸದರಲ್ಲಿ ಸ್ವಲ್ಪ ಎಳೆದುಕೊಳ್ಳುತ್ತದೆ, ಆಗ ಗೇರು ಜಾರಲು ಶುರುವಾಗುತ್ತದೆ. ಜಾರುತ್ತಿದ್ದರೂ ಹಾಗೇ ಓಡಿಸುತ್ತಾ ಹೋದರೆ ಒಳಗಿನ ಹಲ್ಲಿನ ಮೂಲೆ ಸವೆಯುತ್ತದೆ. ನಾನು ಕಂಡ ಹಾಳಾದ ಹಬ್‌ಗಳಲ್ಲಿ ಹೆಚ್ಚಿನವು ಹೀಗೇ ಹಾಳಾದವು. ಸರಿಮಾಡುವುದು ಎರಡು ನಿಮಿಷದ ಕೆಲಸ. ನೆಕ್ಸಸ್ 8ರಲ್ಲಿ ಗೇರನ್ನು 4ಕ್ಕೆ ಇಟ್ಟು, ಹಬ್ ಪಕ್ಕದ ಜಾಯಿಂಟ್‌ನಲ್ಲಿರುವ ಎರಡು ಬಣ್ಣದ ಗೆರೆ ಒಂದೇ ನೇರಕ್ಕೆ ಬರುವ ತನಕ ಕೇಬಲ್ ತಿರುಪು ತಿರುಗಿಸಬೇಕು. ಮನೆಯಲ್ಲೇ ಮಾಡಬಹುದು.

ಪಂಕ್ಚರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ರಸ್ತೆ ಬದಿಯ ಪಂಕ್ಚರ್ ಅಂಗಡಿಯವರು ಸಾದಾ ಸೈಕಲ್‌ನ ಹಿಂದಿನ ಚಕ್ರ ಬಿಚ್ಚುವುದನ್ನು ನೀವು ನೋಡಿದ್ದೀರಾ? ಬಿಚ್ಚುವುದಿಲ್ಲ. ಟೈರಿನ ಒಂದು ಪಕ್ಕ ಎಬ್ಬಿಸಿ, ಟ್ಯೂಬು ಹೊರಗೆಳೆದು, ನೀರಿನ ಬೋಗುಣಿಯಲ್ಲಿ ಅದ್ದಿ, ತೂತು ಹುಡುಕಿ ಪ್ಯಾಚ್ ಹಾಕುತ್ತಾರೆ. ಹಬ್ ಗೇರ್ ಸೈಕಲ್‌ಗೂ ಅದೇ ವಿಧಾನ ನಡೆಯುತ್ತದೆ. ಚಕ್ರ ಕಳಚಬೇಕಾದ್ದು ಟ್ಯೂಬು, ಟೈರು ಬದಲಾಯಿಸುವಾಗ ಮಾತ್ರ. ತೊಂದರೆ ಬರುವುದು ಅಲ್ಲಿ.

ಆ್ಯಕ್ಸಲ್ ತಿರುಗಬಾರದು ಅಂತ ಎರಡೂ ಕಡೆ ಒಂದೊಂದು ವಿಶೇಷ ವಾಷರ್ ಇರುತ್ತದೆ. ಅದಕ್ಕೊಂದು ಪುಟ್ಟ ಮೂಗು. ಆ ಮೂಗು ಫ್ರೇಮಿನ ಸೀಳಿನೊಳಗೆ ಕೂರಬೇಕು. ಎಡಕ್ಕೆ ಒಂದು, ಬಲಕ್ಕೆ ಒಂದು, ಅದಲುಬದಲು ಆಗಬಾರದು. ನನ್ನ ಗಿರಾಕಿ ಟೀಚರ್ ಒಬ್ಬರ ಮೂರು ಗೇರಿನ ಸೈಕಲ್‌ಗೆ ಬೇರೆ ಎಲ್ಲೋ ಟ್ಯೂಬು ಬದಲಾಯಿಸಿದ್ದರು. ಬಲಗಡೆಯ ವಾಷರ್ ಮೂಗು ಹೊರಗೇ ಉಳಿದಿತ್ತು. ಮೇಲೆ ನಟ್ಟು ಬಿಗಿದಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಮಾರನೆಯ ದಿನ ಏರು ಹತ್ತುವಾಗ ಆ್ಯಕ್ಸಲ್ಲೇ ತಿರುಗಿ ಕೇಬಲ್ ಕಿತ್ತು ಬಂತು. ಪಾಪ, ಮೂರು ಕಿ.ಮೀ. ತಳ್ಳಿಕೊಂಡು ಬಂದರು. ಅರ್ಧ ಗಂಟೆಯಲ್ಲಿ ಸರಿಹೋಯಿತು, ಆದರೆ ಆ ಬಿಸಿಲಲ್ಲಿ ತಳ್ಳಿದ ಕಷ್ಟ ಅವರದು. ಅದಕ್ಕೇ ಹೇಳೋದು, ಸೈಕಲ್ ಕೊಂಡ ದಿನವೇ ಅಂಗಡಿಯವರ ಮುಂದೆ ನಿಂತು ಹಿಂದಿನ ಚಕ್ರ ಒಮ್ಮೆ ಕಳಚಿಸಿ ಹಾಕಿಸಿ. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. 15ರ ಸ್ಪ್ಯಾನರ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಯಾವ ಪಂಕ್ಚರ್ ಅಂಗಡಿಗೆ ಹೋದರೂ ಫೋಟೊ ತೋರಿಸಿದರೆ ಅವರು ಸರಿಯಾಗಿಯೇ ಹಾಕುತ್ತಾರೆ. ಅವರ ಕೈ ಪಳಗಿದ ಕೈ, ಈ ವಾಷರ್ ಕಂಡಿರುವುದಿಲ್ಲ ಅಷ್ಟೇ.

ಈಗ ಎಷ್ಟು ಗೇರ್ ಬೇಕು ಅನ್ನುವ ವಿಚಾರ. ಜನ ಗೇರುಗಳನ್ನು ಎಣಿಸುತ್ತಾರೆ, ನಾನು ಹಲ್ಲು ಎಣಿಸಿ ಅನ್ನುತ್ತೇನೆ. 21 ಗೇರಿನ ಸೈಕಲ್‌ನಲ್ಲಿ ಎಷ್ಟೋ ಗೇರು ಒಂದರಂತೆ ಇನ್ನೊಂದು ಇರುತ್ತವೆ. ಮುಂದಿನ ಬಿಲ್ಲೆಯ ಹಲ್ಲನ್ನು ಹಿಂದಿನ ಬಿಲ್ಲೆಯ ಹಲ್ಲಿನಿಂದ ಭಾಗಿಸಿ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಎಷ್ಟು ಸುತ್ತು ಬರುತ್ತದೆ ಅನ್ನುವುದು ಸಿಗುತ್ತದೆ. ಸಮ ರಸ್ತೆಯಲ್ಲಿ 2 ಇದ್ದರೆ ಆರಾಮ. ನಿಮಿಷಕ್ಕೆ 60 ಸಲ ಪೆಡಲ್ ತುಳಿದರೆ ಗಂಟೆಗೆ 15 ಕಿ.ಮೀ. ವೇಗ ಬರುತ್ತದೆ. ಊರೊಳಗಿನ ಏರಿಗೆ 1.5 ಬೇಕು. ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ, ಬಿಡುವಿಲ್ಲದ ಏರು. ಹೊಸದಾಗಿ ಸೈಕಲ್ ಹಿಡಿದವರಿಗೆ 1ರ ಹತ್ತಿರದ ಗೇರು ಇಲ್ಲದಿದ್ದರೆ ಮಂಡಿ ಮಾತಾಡುತ್ತದೆ.

ಈ ಲೆಕ್ಕದಲ್ಲಿ ನೋಡೋಣ. ಸಾದಾ ಸೈಕಲ್‌ನಲ್ಲಿ ಮುಂದೆ 44, ಹಿಂದೆ 18 ಹಲ್ಲು ಇದ್ದರೆ 2.44. ಅದಕ್ಕೆ ಮೂರು ಗೇರಿನ ಹಬ್ ಹಾಕಿದರೂ ಏರಿನ ಗೇರು 1.8 ಆಗುತ್ತದೆ, ಸಾಲದು. ಹಿಂದೆ 22 ಹಲ್ಲಿನ ಬಿಲ್ಲೆ ಹಾಕಿಸಿ. ಆಗ 1.5, 2, 2.7. ನಿಮ್ಮ ಕಚೇರಿ ದಾರಿಗೆ ಇದು ಹೇಳಿ ಮಾಡಿಸಿದಂತಿದೆ. ಬೆಟ್ಟಕ್ಕೆ ಮಾತ್ರ ಆಗದು. 8 ಗೇರಿನ ನೆಕ್ಸಸ್‌ನಲ್ಲಿ ಮುಂದೆ 38, ಹಿಂದೆ 20 ಇದ್ದರೆ ಲೆಕ್ಕ 1.9, ಹಬ್ ಒಳಗಿನ ಗೇರು ಸೇರಿ 1ರಿಂದ ಶುರುವಾಗಿ 3ರ ತನಕ ಸಿಗುತ್ತದೆ. ಅದರಲ್ಲಿ ಬೆಟ್ಟವನ್ನೂ ಹತ್ತಬಹುದು.

ಹಾಗಾದರೆ ಬೆಂಗಳೂರಿನ ಆ ಸೈಕಲ್ ತಗೊಳ್ಳಬಹುದಾ? ತಗೊಳ್ಳಬಹುದು, ಆದರೆ ಓಡಿಸಿ ನೋಡದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಮೊದಲು ಎತ್ತರ ನೋಡಿ. ನೆದರ್ಲೆಂಡ್ಸ್‌ನಿಂದ ಬಂದದ್ದಾದರೆ, ಅಲ್ಲಿನ ಡಚ್ ಸೈಕಲ್‌ಗಳು ಎತ್ತರದ ಜನಕ್ಕೆ ಮಾಡಿದವು, ತೂಕವೂ 18-20 ಕಿಲೋ ಬರುವುದುಂಟು. ಸೀಟು ಪೂರ್ತಿ ಇಳಿಸಿ ಕೂತು, ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟು ನೋಡಿ. ಹಿಮ್ಮಡಿ ಮುಟ್ಟದಿದ್ದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಮನೆಗೆ ಮೆಟ್ಟಿಲಿದ್ದರೆ ಎತ್ತಿ ನೋಡುವುದನ್ನೂ ಮರೆಯಬೇಡಿ.

ಎತ್ತರ ಸರಿಯಿದ್ದರೆ ಒಂದು ಸಣ್ಣ ಏರಿನಲ್ಲಿ ಓಡಿಸಿ. ಒಂದೊಂದು ಗೇರಿನಲ್ಲೂ ಎದ್ದು ನಿಂತು ಜೋರಾಗಿ ತುಳಿಯಿರಿ. ಸೀಟಿನ ಮೇಲೆ ಕೂತಾಗ ಎಲ್ಲ ಸರಿಯಾಗೇ ಇರುತ್ತದೆ, ಭಾರ ಬಿದ್ದಾಗ ನಿಜ ಗೊತ್ತಾಗುತ್ತದೆ. 'ಟಕ್' ಅಂತ ಪೆಡಲ್ ಜಾರಿದರೆ ಕೇಬಲ್ ಸರಿಮಾಡಿಸಿ ಮತ್ತೆ ನೋಡಿ. ಆಗಲೂ ಜಾರಿದರೆ ಒಳಗೆ ಸವೆದಿದೆ ಅಂತ ಅರ್ಥ, ಬೇಡ. ಕೆಳಗಿನ ಗೇರುಗಳಲ್ಲಿ ಸ್ವಲ್ಪ ಕಿರ್‌ಕಿರ್ ಸದ್ದು ಇರುವುದು ಸಹಜ. ನೆಕ್ಸಸ್ 8ರಲ್ಲಿ 5ನೇ ಗೇರು ನೇರ ಗೇರು, ಅಂದರೆ ಎಲ್ಲ ಒಟ್ಟಿಗೆ ತಿರುಗುವ ಗೇರು, ಅದರಲ್ಲಿ ಸದ್ದು ತೀರಾ ಕಡಿಮೆ ಇರಬೇಕು. ಹಬ್ ಮೇಲೆ ಎಸ್‌ಜಿ ಅಂತ ಶುರುವಾಗುವ ಕೋಡ್ ಇರುತ್ತದೆ, ಫೋಟೊ ತೆಗೆದು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ. ಭಾಗ ತರಿಸಬೇಕಾದರೆ ಆ ಕೋಡ್ ಇಲ್ಲದೆ ಆಗುವುದಿಲ್ಲ.

ಇನ್ನೊಂದು ಮಾತು. ನೆದರ್ಲೆಂಡ್ಸ್ ಚಪ್ಪಟೆ ನಾಡು. ಅಲ್ಲಿಂದ ಬಂದದ್ದಾದರೆ ಆ ಸೈಕಲ್‌ನ ಗೇರು ನಮ್ಮ ಏರಿಗೆ ಗಡುಸು ಅನಿಸಬಹುದು. ಹಿಂದಿನ ಬಿಲ್ಲೆಯನ್ನು ಒಂದು ಸ್ಪ್ರಿಂಗ್ ಕ್ಲಿಪ್ ಹಿಡಿದಿರುತ್ತದೆ. ಅದನ್ನು ತೆಗೆದು ಜಾಸ್ತಿ ಹಲ್ಲಿನದು ಹಾಕಬಹುದು, ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾಗುತ್ತದೆ. ತೀರಾ ದೊಡ್ಡ ಬಿಲ್ಲೆ ಹಾಕಿಸಬೇಡಿ. ಮುಂದಿನ-ಹಿಂದಿನ ಹಲ್ಲಿನ ಲೆಕ್ಕ 1.9ಕ್ಕಿಂತ ಕೆಳಗೆ ಹೋದರೆ ಹಬ್ ಒಳಗೆ ಬೀಳುವ ತಿರುಚು ಜಾಸ್ತಿಯಾಗುತ್ತದೆ. 22,000 ಕೊಟ್ಟ ಮೇಲೆ ಉಳಿಯುವ 3,000ವನ್ನು ಖರ್ಚು ಮಾಡಬೇಡಿ. ಎಣ್ಣೆ ಕೆಲಸ, ಟೈರು, ಕೇಬಲ್‌ಗೆ ಅದು ಬೇಕಾಗುತ್ತದೆ. ಈ ದಾರಿಯ ನಿಜವಾದ ಅಪಾಯ ಒಂದೇ: ಒಳಗೆ ದೊಡ್ಡದೇನಾದರೂ ಮುರಿದರೆ ಭಾಗ ಬರುವವರೆಗೆ ಸೈಕಲ್ ವಾರಗಟ್ಟಲೆ ನಿಲ್ಲುತ್ತದೆ.

ಅದು ಸರಿಹೊಂದದಿದ್ದರೆ ನನಗೆ ಇಷ್ಟವಾದ ದಾರಿ ಬೇರೆಯೇ ಇದೆ. ಪೂರ್ತಿ ಚೈನ್ ಕವರ್, ಸೀರೆ ಗಾರ್ಡ್ ಇರುವ ಒಂದು ಒಳ್ಳೆಯ ಕಬ್ಬಿಣದ ಲೇಡೀಸ್ ಸೈಕಲ್ ತಗೊಂಡು ಅದಕ್ಕೆ ಮೂರು ಗೇರಿನ ಹಬ್ ಹಾಕಿಸುವುದು. ಹಬ್ ತರಿಸುವ ಖರ್ಚು, ಕೂಲಿ ಎಲ್ಲ ಸೇರಿದರೂ ನಿಮ್ಮ ಬಜೆಟ್ ಮೀರುವುದಿಲ್ಲ ಅನ್ನುವುದು ನನ್ನ ಅಂದಾಜು. ಆದರೆ ಕೆಲವು ಸೂಕ್ಷ್ಮ ಇವೆ. ನಮ್ಮ ಸಾದಾ ಸೈಕಲ್‌ಗಳ ಹಿಂದಿನ ರಿಮ್‌ಗೆ 40 ಕಡ್ಡಿ, ಈ ಹಬ್‌ಗಳಿಗೆ ಸಾಮಾನ್ಯವಾಗಿ 36 ತೂತು. ಹಳೇ ರಿಮ್ ನಡೆಯುವುದಿಲ್ಲ, 36ರ ಅಲಾಯ್ ರಿಮ್ ಬೇಕು. ರಾಡ್ ಬ್ರೇಕ್ ಇರುವ ಸೈಕಲ್ ಆರಿಸಬೇಡಿ. ಅದರ ಬ್ರೇಕ್ ರಬ್ಬರ್ ರಿಮ್‌ನ ಒಳಮೈಗೆ ಒತ್ತುತ್ತದೆ, ಅಲಾಯ್ ರಿಮ್‌ಗೆ ಹೊಂದುವುದಿಲ್ಲ. ಕೇಬಲ್ ಬ್ರೇಕ್ ಇರುವುದೇ ಇರಲಿ. ಅಲಾಯ್ ರಿಮ್‌ನಿಂದ ಇನ್ನೊಂದು ಲಾಭ, ಮಳೆಯಲ್ಲಿ ಹೊಳೆಯುವ ಸ್ಟೀಲ್ ರಿಮ್ ಮೇಲೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಇದರಲ್ಲಿ ಹಿಡಿಯುತ್ತದೆ. ಹಬ್ ಕೂರಲು ಫ್ರೇಮಿನ ಹಿಂದಿನ ಕಾಲುಗಳನ್ನು ಕೆಲವು ಮಿ.ಮೀ. ಅಗಲಿಸಬೇಕಾಗಬಹುದು. ಕಬ್ಬಿಣ ಅದನ್ನು ತಡೆಯುತ್ತದೆ. ಅಲ್ಯೂಮಿನಿಯಂ ಫ್ರೇಮಿಗೆ ಯಾರಾದರೂ ಹಾಗೆ ಮಾಡಲು ಹೊರಟರೆ ದಯವಿಟ್ಟು ತಡೆಯಿರಿ, ಬಿರುಕು ಬಿಡುತ್ತದೆ. ಕಡ್ಡಿ ಕಟ್ಟುವುದು ಬಲ್ಲ ಹಳೇ ಮೇಸ್ತ್ರಿಯ ಕೈಯಲ್ಲಿ ಮಾಡಿಸಿ. ಹೊಸ ಚಕ್ರ ಮೊದಲ ನೂರಿನ್ನೂರು ಕಿ.ಮೀ. ಆದ ಮೇಲೆ ಒಮ್ಮೆ ಬೆಂಡ್ ನೋಡಿಸಬೇಕು.

ಇಷ್ಟೆಲ್ಲ ಓಡಾಟ ಬೇಡ, ಮುಂದಿನ ಸೋಮವಾರವೇ ಸೈಕಲ್ ಬೇಕು ಅಂದರೆ ಮುಂದೆ ಒಂದೇ ಬಿಲ್ಲೆ ಇರುವ 7 ಗೇರಿನ ಸಾದಾ ಹೈಬ್ರಿಡ್ ತಗೊಳ್ಳಿ. ಮುಂದೆ 38, ಹಿಂದೆ 14ರಿಂದ 28 ಹಲ್ಲು ಇದ್ದರೆ 1.36ರಿಂದ 2.7ರ ತನಕ ಸಿಗುತ್ತದೆ. ಎಲ್ಲ ಅಂಗಡಿಯಲ್ಲೂ ರಿಪೇರಿ ಆಗುತ್ತದೆ. ಮುಂದಿನ ಬಿಲ್ಲೆಗೆ ಗಾರ್ಡ್ ಹಾಕಿಸಿದರೆ ಚೂಡಿದಾರ್ ಉಳಿಯುತ್ತದೆ, ಸೀರೆ ದಿನ ಮಾತ್ರ ಕಷ್ಟ. ಸಿಗ್ನಲ್ ಬರುವ ಮೊದಲೇ ಗೇರ್ ಇಳಿಸಿಕೊಳ್ಳುವ ಅಭ್ಯಾಸವನ್ನೂ ಮಾಡಿಕೊಳ್ಳಬೇಕು.

ನನ್ನನ್ನು ಕೇಳಿದರೆ, ವರ್ಷಕ್ಕೆರಡು ದಿನದ ಬೆಟ್ಟಕ್ಕಾಗಿ ಸೈಕಲ್ ಆರಿಸಬೇಡಿ. ಮಿಕ್ಕ ದಿನಗಳ ಕಚೇರಿ ದಾರಿಗೆ ಮೂರು ಗೇರು ಧಾರಾಳ ಸಾಕು. ಬೆಟ್ಟದಲ್ಲಿ ಕಡಿದಾದ ಕಡೆ ಇಳಿದು ತಳ್ಳಿದರೆ ಏನೂ ತಪ್ಪಿಲ್ಲ, ನಾನೂ ತಳ್ಳಿದ್ದೇನೆ. ಆದರೆ ಬೆಂಗಳೂರಿನ ಸೈಕಲ್ ಎತ್ತರಕ್ಕೆ ಹೊಂದಿ, ಏರಿನ ಪರೀಕ್ಷೆಯಲ್ಲಿ ಗೆದ್ದರೆ ಬಿಡಬೇಡಿ. ಅಂಥದ್ದು ಆ ಬೆಲೆಗೆ ಪದೇ ಪದೇ ಸಿಗುವುದಿಲ್ಲ.

ಯಾವುದನ್ನೇ ತಗೊಂಡರೂ ಟ್ಯೂಬಿನ ವಾಲ್ವ್ ಸ್ಕೂಟರ್‌ನದರಂತೆ ದಪ್ಪಗಿರಲಿ, ಪೆಟ್ರೋಲ್ ಬಂಕ್‌ನಲ್ಲೂ ಗಾಳಿ ಹಿಡಿಸಬಹುದು. ಟೈರು 35ರಿಂದ 40 ಮಿ.ಮೀ. ಅಗಲ ಇರಲಿ. ಹಬ್ ಗೇರ್ ತುಳಿಯೋಕೆ ಭಾರ ಅಂತ ಕೆಲವರು ಹೇಳುತ್ತಾರೆ. ಸ್ವಚ್ಛವಾದ ಚೈನ್ ಗೇರಿಗಿಂತ ಸ್ವಲ್ಪ ಶಕ್ತಿ ಒಳಗೆ ಹೋಗುವುದು ನಿಜ, ಆದರೆ ಗಾಳಿ ಕಡಿಮೆಯಾದ ಟೈರು ತಿನ್ನುವ ಶಕ್ತಿ ಅದಕ್ಕಿಂತ ಜಾಸ್ತಿ. ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಗಾಳಿ ನೋಡಿಕೊಳ್ಳಿ. ಸೈಕಲ್ ನೋಡಲು ಬೆಂಗಳೂರಿಗೆ ಹೋಗುವಾಗ ಸೀರೆ ಉಟ್ಟೇ ಹೋಗಿ, ಓಡಿಸಿ ನೋಡುವುದು ಆ ಬಟ್ಟೆಯಲ್ಲೇ ಆಗಲಿ.